ನೀಲಿ ರಿಬ್ಬನ್ನಿನ ಅಡಿಯ ಹಾಳೆ

ಮಗಳೇ ಸಿಗ್ರಿಡ್,

ನಿನ್ನ ಈಗಿನ ವಿಳಾಸ ನನ್ನಲ್ಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಡುಲೂತ್‌ನಲ್ಲಿ ನಿನ್ನ ಹಳೆಯ ಶಾಲೆಯ ವಿಜ್ಞಾನ ಮೇಳಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಸರೋವರದ ಮಂಜುಗಡ್ಡೆ ಯಾಕೆ ಸದ್ದು ಮಾಡುತ್ತದೆ ಎಂದು ಹತ್ತು ವರ್ಷದ ಹುಡುಗಿಯೊಬ್ಬಳು ರಟ್ಟಿನ ಫಲಕದ ಮೇಲೆ ಸೊಟ್ಟಗೆ ಬರೆದು ನಿಂತಿದ್ದಳು. ಅವಳ ಊಹೆ ತಪ್ಪಾಗಿತ್ತು. ಅದನ್ನೂ ಬರೆದಿದ್ದಳು.

“ನಾನೇ ನೀಟಾಗಿ ಬರ್ದುಕೊಡ್ತೀನಿ ಅಂದೆ ಸಾರ್, ಮುಟ್ಟೋಕೂ ಬಿಡ್ಲಿಲ್ಲ,” ಎಂದಳು ಅವಳ ತಾಯಿ, ಸಂಕೋಚದಿಂದ.

“ಊಹೆನೇ ತಪ್ಪು. ಇದಕ್ಕೆ ಬಹುಮಾನ ಕೊಟ್ರೆ ನಗ್ತಾರೆ ಮಾರಾಯ,” ಎಂದ ನನ್ನ ಜೊತೆಗಿದ್ದ ತೀರ್ಪುಗಾರ ಆರ್ವಿಡ್.

“ನಗ್ಲಿ ಬಿಡು,” ಎಂದು ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಅವಳಿಗೇ ಕೊಟ್ಟೆ.

ಮನೆಗೆ ಬಂದವನೇ, ಚಿಕ್ಕವಳಿದ್ದಾಗ ನೀನು ಇದೇ ಮೇಳಕ್ಕೆ ಮಾಡಿದ್ದ ಬೀನ್ಸ್ ಗಿಡದ ಫಲಕವನ್ನು ನೆಲಮಾಳಿಗೆಯಿಂದ ತೆಗೆದೆ. ಅದಕ್ಕೂ ನೀಲಿ ರಿಬ್ಬನ್ ಇದೆ. ಊಹೆ ಸರಿಯಾಯಿತೆಂದು ನಾನೇ ಟೈಪ್ ಮಾಡಿ, ನಿನ್ನನ್ನು ಕೇಳದೆ ಅಂಟಿಸಿದ ಹಾಳೆಯೂ ಇದೆ. ಮೇಳ ಮುಗಿದ ಮೇಲೆ ಆ ಫಲಕವನ್ನು ನೀನು ಮನೆಗೆ ತರಲಿಲ್ಲ. ನಾನು ತಂದೆ.

ಗೋಂದು ಒಣಗಿತ್ತು. ಹಾಳೆ ಎತ್ತಿದರೆ ಅಡಿಯಲ್ಲಿ ನಿನ್ನ ಪೆನ್ಸಿಲ್ ಅಕ್ಷರ: “ನಾನು ಅಂದ್ಕೊಂಡಿದ್ದು ತಪ್ಪಾಯ್ತು. ಈಗ ಮಜಾ ಶುರು.”