ಹಿತ್ತಲಿಲ್ಲದ ನಕ್ಷೆ

ಅಲ್ ಕೂಜ್, ದುಬೈ
ಜನವರಿ ೧೮

ಪ್ರೀತಿಯ ಅಭಿಜೀತ,

ನೀನು ತಿದ್ದಿ ಕಳಿಸಿದ ನಕ್ಷೆ ತಲುಪಿತು. ವಾಪಸು ಕಳಿಸುತ್ತಿದ್ದೇನೆ, ಜೊತೆಗೆ ಈ ಕಾಗದ. ಅಬುಧಾಬಿ ಹೊರವಲಯದ ಬನಿಯಾಸಿನಲ್ಲಿ ಬಸ್ ಚಾಲಕರಿಗೆಂದು ನಾನು ಬರೆದ ಮನೆಗಳ ಹಿತ್ತಲನ್ನೆಲ್ಲ ಅಳಿಸಿ, ಮುಂದುಗಡೆ ಎರಡೆರಡು ಕಂಬ ನಿಲ್ಲಿಸಿದ್ದೀ. ಫೋಟೋದಲ್ಲಿ ಚಂದ ಕಾಣುತ್ತದಂತೆ. ಇದಕ್ಕೆ ನಾನು ಸಹಿ ಹಾಕುವುದಿಲ್ಲ. ಗಂಡ ಹೇಳಿದರೂ ಇಲ್ಲ, ಕಂಪನಿಯ ಮುಖ್ಯ ಆರ್ಕಿಟೆಕ್ಟ್ ಹೇಳಿದರೂ ಇಲ್ಲ. ಎರಡೂ ನೀನೇ ಆಗಿರುವುದು ನನ್ನ ಹಣೆಬರಹ.

ಜರ್ಮನಿಯಲ್ಲಿ ಓದುವಾಗ ಡ್ರೆಸ್ಡೆನ್‌ನಿಂದ ಟ್ರಾಮ್ ಹತ್ತಿ ಹೆಲ್ಲೆರಾವ್‌ಗೆ ಹೋಗಿದ್ದೆವಲ್ಲ. ನೂರು ವರ್ಷದ ಹಿಂದೆ ಮರದ ಸಾಮಾನಿನ ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ ಉದ್ಯಾನ ನಗರ. ಬೋಳು ಗೋಡೆ, ಇಳಿಜಾರು ಸೂರು, ಮನೆಯ ಹಿಂದೆ ಒಂದಿಷ್ಟು ಕಾಯಿಪಲ್ಲೆ. ನಮ್ಮ ಧಾರವಾಡದ ಹಿತ್ತಲು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ನಾನು ನಕ್ಕೆ. ನೀನು ನಗಲಿಲ್ಲ. ಕಟ್ಟಿದರೆ ಇಂಥದ್ದನ್ನೇ ಕಟ್ಟಬೇಕು ಎಂದೆ. ಆ ಒಂದು ಮಾತಿಗೇ ನಾನು ನಿನ್ನನ್ನು ಮದುವೆಯಾದದ್ದು.

ಈ ಬಿಸಿಲಲ್ಲಿ ಏನು ಬೆಳೆಯುತ್ತದೆ ಎಂದು ಕೇಳಿದ್ದೀ. ಬೇಸಿಗೆಯಲ್ಲಿ ಏನೂ ಇಲ್ಲ. ಊರಿನ ಎರೆಹೊಲವೂ ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದೆ; ಹಾಗೆಂದು ಯಾರೂ ಅದರಲ್ಲಿ ಕಂಬ ನೆಡುವುದಿಲ್ಲ. ಚಳಿಗಾಲದ ಕಾಯಿಪಲ್ಲೆಗೆ ಅಕ್ಕಿ, ಸೊಪ್ಪು ತೊಳೆದ ನೀರೇ ಸಾಕು.

ಮಾದರಿ ಮನೆ ನೋಡಲು ಚಾಲಕ ಸಫ್ವಾನನ ಹೆಂಡತಿ ಶಾಹಿನ ಬಂದಿದ್ದಳು, ಪಡುಬಿದ್ರೆಯವಳು. ಮುಂಬಾಗಿಲಿಂದ ಸೀದಾ ಹಿಂಬಾಗಿಲಿಗೆ ನಡೆದು, “ಮೇಡಂ, ಇಲ್ಲಿ ಬಸಳೆ ಚಪ್ಪರ ಹಾಕ್ಲಿಕ್ಕೆ ಬಿಡ್ತಾರಾ?” ಎಂದು ಕೇಳಿದಳು. ಬಿಡುತ್ತಾರೆ ಎಂದುಬಿಟ್ಟೆ. ಕೊಟ್ಟ ಮಾತಿಗೆ ತಪ್ಪಲಾರೆ.

ಸೋಮವಾರದ ಸಭೆಯಲ್ಲಿ ಕಂಬಗಳೇ ಗೆದ್ದರೆ ಕೆಲಸ ಬಿಡುತ್ತೇನೆ. ವೀಸಾ ಹೋದರೆ ಹೋಗಲಿ. ಇದೇ ಜಗಳಕ್ಕೆ ನೀನು ಅಬುಧಾಬಿಗೆ ಹೊರಟು ನಿಂತಾಗ ನಾನು ತಡೆಯಲಿಲ್ಲ. ಈಗ ಈ ಕೆಲಸಕ್ಕಾಗಿಯೂ ಯಾರ ಕೈಕಾಲು ಹಿಡಿಯುವುದಿಲ್ಲ. ದೇರಾದ ನಮ್ಮ ಮನೆಯಲ್ಲಿ ಒಬ್ಬಳೇ ಹೇಗಿದ್ದೀ ಎಂದು ಕೇಳಿದ್ದೀ. ಚೆನ್ನಾಗಿದ್ದೇನೆ.

ನಿನ್ನ ಹಟಮಾರಿ,
ಮಧುಮತಿ

ತಾ.ಕ.: ಮೇಲಿನ ವಿಳಾಸ ಆಫೀಸಿನದು. ದೇರಾದ ಮನೆ ಬಿಟ್ಟು ತಿಂಗಳಾಯಿತು. ಬನಿಯಾಸಿನ ಮಾದರಿ ಮನೆಯಲ್ಲಿದ್ದೇನೆ, ನಿನ್ನ ಮನೆಯಿಂದ ಅರ್ಧ ಗಂಟೆ ದಾರಿ. ವಾಸಕ್ಕೆ ಯೋಗ್ಯವೋ ಅಲ್ಲವೋ ನೋಡಲು ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಹಿತ್ತಲ ಮೆಂತ್ಯ ಕೊಯ್ಲಿಗೆ ಬಂದಿದೆ, ಒಬ್ಬಳಿಗೆ ಹೆಚ್ಚು. ಭಾನುವಾರ ರೊಟ್ಟಿ ಬಡಿಯುತ್ತೇನೆ, ಬಾ. ಬಂದರೂ ಸಹಿ ಮಾತ್ರ ಸಿಗುವುದಿಲ್ಲ.