ಕೆಳಗಿಟ್ಟ ಕಾಫಿ

೧೩-೧೧-೧೯೯೬, ಬುಧವಾರ. ಅಲ್ ಹಿಲಾಲ್.

ಇಲ್ಲಿಯ ಅರಬ್ ಯಜಮಾನನ, ನಾವೆಲ್ಲ ಅರಬಾಬ್ ಅನ್ನುವವನ, ಕೆಲಸ ಬಿಟ್ಟೆ. ಜಗಳವಾಡದೆ ಬಿಟ್ಟೆನಲ್ಲ, ಅದೇ ಕೊರೆಯುತ್ತಿದೆ. ಊರಿನಲ್ಲಿ ಕಾರ್ಖಾನೆ ಗೇಟಿನೆದುರು ಘೋಷಣೆ ಕೂಗಿ ಬೆಳೆದ ಗಂಟಲು ನನ್ನದು.

ಬೆಳಿಗ್ಗೆ ಆಫೀಸಿನಲ್ಲಿ ಜೊತೆ ಕೆಲಸದ ದೂಮಪ್ಪ ಬೈದಿದ್ದ: "ನೀನು ಬೊಬ್ಬೆ ಹೊಡೆದು ಹೋಗ್ತಿ ಮಾರಾಯ, ನೀನೇ ಊರಿಂದ ಇಲ್ಲಿ ಕೆಲಸಕ್ಕೆ ಕರೆಸಿದ ಸರ್ಫರಾಝನ ಗತಿ? ಅರಬಾಬ್ ಕಾಫಿ ಕೊಟ್ರೆ ಕುಡೀಬೇಡ, ಕೆಳಗಿಡು. ಇವರಲ್ಲಿ ಹಾಗಿಟ್ರೆ ಏನೋ ಕೇಳ್ಲಿಕ್ಕುಂಟು ಅಂತ ಅರ್ಥ."

ಅರಬಾಬ್ ಕೊಟ್ಟ ಕಾಫಿಯನ್ನು ಹಾಗೇ ಕೆಳಗಿಟ್ಟೆ. ಯಜಮಾನ ಲೋಟ ನೋಡಿದ, ನನ್ನನ್ನು ನೋಡಿದ. "ಏನು ಬೇಕು?"

"ನಾನು ಕೆಲಸ ಬಿಡ್ತೇನೆ. ನನ್ನ ಮೇಲಿನ ಸಿಟ್ಟು ಸರ್ಫರಾಝನ ಮೇಲೆ ತೀರಿಸಬೇಡಿ."

ಮುದುಕ ಕೈಯಲ್ಲಿದ್ದ ಜಪಮಣಿಯನ್ನು ಒಂದು ಸುತ್ತು ಎಣಿಸಿ ಮುಗಿಸಿದ. ಆಮೇಲೆ, "ಖಲಾಸ್, ನೀನು ಕೇಳಿದ್ದು ಆಯ್ತು. ಕುಡಿ," ಎಂದ.

ಕುಡಿದೆ. ತಣ್ಣಗಾಗಿತ್ತು. ಬಾಗಿಲವರೆಗೂ ಬಂದು ಕೈ ಹಿಡಿದ. ನಮ್ಮ ಪಾಸ್‌ಪೋರ್ಟುಗಳಿಗೆ ಬೀಗ ಜಡಿಯುವ ಪದ್ಧತಿಯನ್ನು ನಾನು ಸಾಯುವತನಕ ಬೈಯುತ್ತೇನೆ; ಕೆಲಸ ಬಿಟ್ಟದ್ದೂ ಅದಕ್ಕೇ. ಆದರೆ ನನ್ನ ಕೈ ಹಿಡಿದ ಆ ಮುದುಕನನ್ನು ಬೈಯಲು ಈ ರಾತ್ರಿ ನನಗೆ ಬಾಯಿ ಬರುತ್ತಿಲ್ಲ.