ಸುಣ್ಣದ ಜಾಗದಲ್ಲಿ ಸೀಸ

ಹಳೇನಗರ, ಭದ್ರಾವತಿ
೧೨ ಫೆಬ್ರವರಿ ೧೯೩೯

ಪ್ರೀತಿಯ ತಮ್ಮ ಶಿವಯೋಗಪ್ಪನಿಗೆ ಅಕ್ಕನ ಆಶೀರ್ವಾದ. ಕಲ್ಕತ್ತೆಯ ನೀರು ಒಗ್ಗಿತಾ? ಹೊಟ್ಟೆನೋವು ಹೇಗಿದೆ? ಬರೀ ಚಹಾ ಕುಡಿದು ದಿನ ದೂಡಬೇಡ ಮಾರಾಯ.

ನಿನ್ನ ನಾಲ್ಕು ಹಾಳೆಯ ಕಾಗದ ಬಂತು. ಅಪ್ಪನ ಬಲಗೈ ಮಣಿಕಟ್ಟು ಜೋತುಬಿದ್ದಿದೆ, ಎತ್ತೋಕಾಗಲ್ಲ ಅಂತ ನಾನು ಬರೆದರೆ, ನೀನು ಬರೆದದ್ದು ಅಪಟೈಟ್ ಅನ್ನೋ ಕಲ್ಲಿನ ಕಥೆ! ಅದರ ಹರಳಿನೊಳಗೆ ಸುಣ್ಣದ ಕಣ ಕೂರೋ ಜಾಗದಲ್ಲಿ ಸೀಸವೂ ಕೂರುತ್ತಂತೆ. ಸೀಸ ದಪ್ಪ, ಹಾಗಾಗಿ ಹರಳು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತಂತೆ, ಆದರೂ ಕಟ್ಟಡ ಬೀಳಲ್ಲವಂತೆ. ಎಕ್ಸ್‌ರೇ ಪಟದಲ್ಲಿ ಗೆರೆ ಸರಿದದ್ದು ಕಂಡು ನೀನು ಕುಣಿದೆಯಂತೆ. ಓದಿ ಮೈಯೆಲ್ಲ ಉರೀತು. ಒಲೆಗೆ ಹಾಕೋಳು, ಕೊನೇ ಸಾಲು ನೋಡಿ ತಡೆದೆ: ‘ನಮ್ಮ ಮೂಳೆ, ಹಲ್ಲು ಕೂಡ ಇದೇ ಜಾತಿಯ ಕಲ್ಲು ಅಕ್ಕಾ.’ ಇಷ್ಟು ಬರೆದವನಿಗೆ, ಮೂವತ್ತು ವರ್ಷ ಸೀಸ ಕರಗಿಸಿ ಪ್ರೆಸ್ಸಿಗೆ ಅಚ್ಚಿನ ಮೊಳೆ ಎರೆದ ಅಪ್ಪ ನೆನಪಾಗಲಿಲ್ವಾ?

ಸೋಮವಾರ ರೈಲು ಹತ್ತಿ ಶಿವಮೊಗ್ಗಕ್ಕೆ, ಅಪ್ಪನ ಮನೆಗೆ ಹೋದೆ. ಅಪ್ಪನನ್ನೂ ನಿನ್ನ ಕಾಗದವನ್ನೂ ಡಾಕ್ಟರ್ ಗಣಪಯ್ಯನವರ ಮುಂದೆ ಕೂರಿಸಿದೆ. ಎಂಟು ತಿಂಗಳಿಂದ ವಾತ ಅಂತ ಎಣ್ಣೆ ಕೊಡ್ತಿದ್ದವರು ಅದನ್ನ ಎರಡು ಸಲ ಓದಿ, ‘ಷಡಕ್ಷರಪ್ಪನೋರೇ, ಬಾಯಿ ತೆಗೀರಿ’ ಅಂದರು. ಒಸಡಿನ ಅಂಚಿಗೆ ನೀಲಿ ಗೆರೆ. ಸೀಸದ ವಿಷ. ‘ನಾಳೆಯಿಂದ ಪ್ರೆಸ್ಸಿಗೆ ಕಾಲಿಡಬೇಡಿ’ ಅಂದರೆ ಅಪ್ಪ ನಕ್ಕುಬಿಟ್ಟ! ‘ಒತ್ತಕ್ಷರದ ಮೊಳೆ ಎರೆಯೋರು ಈ ಊರಲ್ಲಿ ಇನ್ಯಾರಿದ್ದಾರೆ?’ ಅಂತ ಮಾರನೇ ದಿನವೇ ಎಡಗೈಲಿ ಸೌಟು ಹಿಡಿದು ಕೂತ. ಬೇಡಿಕೊಂಡೆ, ಬೈದೆ, ಅತ್ತೆ. ‘ನಿನಗೇನು ಗೊತ್ತು? ಶಿವಯೋಗಿ ಹೇಳಲಿ’ ಅಂದ. ಕಣ್ಣೆದುರು ನಿಂತವಳ ಮಾತು ಗಾಳಿಗೆ. ಸಾವಿರ ಮೈಲಿ ಆಚೆ ಕೂತವನದೇ ಮಾತು!

ಅದಕ್ಕೇ ಹೇಳ್ತೀನಿ, ಹರಳು ಗಿರಳು ಬೇಡ. ‘ಅಪ್ಪಾ, ಪ್ರೆಸ್ ಬಿಡು’ ಅಂತ ಒಂದೇ ಒಂದು ಸಾಲು ಅವನ ಹೆಸರಿಗೇ ಬರಿ, ಇವತ್ತೇ. ಕಬ್ಬಿಣದ ಕಾರ್ಖಾನೆಯಿಂದ ಈಗಷ್ಟೇ ಬಂದ ನಿನ್ನ ಭಾವ ನಿನ್ನನ್ನ ಕೇಳಿದರು. ಕೋಪದಲ್ಲೇ ಹರಸ್ತಿದೀನಿ, ಚೆನ್ನಾಗಿರು.

ನಿನ್ನ ಅಕ್ಕ,
ಕಲ್ಲಮ್ಮ

ಇನ್ನೊಂದು ಮಾತು, ಟಪಾಲು ಹೊರಡೋ ಹೊತ್ತಾಯ್ತು. ಮದುವೆಗೆ ಮುಂಚೆ ಆರು ವರ್ಷ ಅಪ್ಪನ ಪಕ್ಕ ಕೂತು ಮೊಳೆ ಉಜ್ಜಿದವಳು ನಾನು. ಈಗ ನನಗೆ ನಾಲ್ಕು ತಿಂಗಳು. ಮಗುವಿನ ಮೂಳೆಗೆ ತಾಯಿಯ ಮೂಳೆಯಿಂದಲೂ ಸುಣ್ಣ ಹೋಗುತ್ತಂತೆ. ಹಾಗಾದರೆ ಸೀಸವೂ ಜೊತೆಗೆ ಹೋಗುತ್ತಾ ಅಂತ ಗಣಪಯ್ಯನವರನ್ನ ಕೇಳಿದೆ, ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ತಂತಿ ಕೊಡು. ಗೊತ್ತಿಲ್ಲದಿದ್ದರೂ ಕೊಡು.